ಮೂರನೇ ಸಪ್ಪಳ

ಗೌರಕ್ಕನ ಬಾವಿಗೆ ಕರಿಕಲ್ಲು ಅಡ್ಡ ಬಂದಿತ್ತು. ಹಾರೆ, ಗುದ್ದಲಿ ಯಾವುದಕ್ಕೂ ಜಗ್ಗಲಿಲ್ಲ. ಗೋಕಾಕದ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದ ಗೌರಕ್ಕ, ರಜೆಗೆ ಅಂಕಲಗಿಗೆ ಬಂದವಳೇ ಮದ್ದಿನ ನಬಿಲಾಲನಿಗೆ ಹೇಳಿಕಳಿಸಿದಳು. ಕಲ್ಲು ಸಿಡಿಸುತ್ತಲೇ ಗಡ್ಡ ನರೆತ ಮನುಷ್ಯ ಅವನು. ಜೊತೆಗಾರ ಲಕ್ಕಪ್ಪ ಎದೆಗಟ್ಟಿಯ ಆಳು, ಆದರೆ ಬಲು ಅವಸರದವನು.

ಸಂಜೆ ಬಾವಿಯ ತಳದಲ್ಲಿ ಮೂರು ಕುಳಿ ಕೊರೆದು ಮದ್ದು ತುಂಬಿದರು. ಬತ್ತಿಗೆ ಕಿಡಿ ತಾಗಿಸಿ ಮೇಲೆ ಹತ್ತಿ, ದೊಡ್ಡ ಒಡ್ಡಿನ ಹಿಂದೆ ಗೌರಕ್ಕನ ಬಾಜೂ ಬಂದು ಕುಳಿತರು. ಒಂದು ಸಿಡಿದು ಹಾರಿತು. ಅದರ ಬೆನ್ನಿಗೇ ಎರಡನೆಯದು. ಮೂರನೆಯದು ಹಾರಲಿಲ್ಲ.

ಹಾರದೆ ಉಳಿದ ಮದ್ದೆಂದರೆ ಮಲಗಿದ ಹಾವು. ನಬಿಲಾಲ ಎಂದಿನಂತೆ ಮೆಲ್ಲಗೆ ಎಣಿಸತೊಡಗಿದ. ಸಾವಿರ ದಾಟುವವರೆಗೂ ಅವನು ಕದಲುವವನಲ್ಲ.

ಎಣಿಕೆ ಇನ್ನೂರಕ್ಕೆ ಬಂದಾಗ ಹುಕ್ಕೇರಿ ದಿಕ್ಕಿನ ಮುಗಿಲು ಝಗ್ಗೆಂದಿತು. ಹಸಿರು ಬೆಂಕಿಯ ಉಂಡೆಯೊಂದು ಬಾಲ ಎಳೆದುಕೊಂಡು ಇಳಿದು, ಜೋಳದ ಹೊಲದಾಚೆ ಆರಿಹೋಯಿತು. ಸಪ್ಪಳವೇ ಇಲ್ಲ.

"ಚುಕ್ಕಿ ಬಿತ್ತು! ಅಲ್ಲೇ, ಆ ಹೊಲದಾಗ!" ಎಂದ ಲಕ್ಕಪ್ಪ. ನಬಿಲಾಲ ಎಣಿಕೆ ಬಿಡಲಿಲ್ಲ.

ಮುನ್ನೂರು ಎನ್ನುವಷ್ಟರಲ್ಲಿ ಧುಡುಂ ಎಂದು ಕೇಳಿಸಿತು.

ಲಕ್ಕಪ್ಪ ಎದ್ದೇಬಿಟ್ಟ. "ಹಾರಿತು ಕಾಕಾ! ಬೆಳಕು ಇರೂತನಕ ಎಷ್ಟು ಒಡದೈತಿ ನೋಡಿ ಬರ್ತೇನಿ."

ನಬಿಲಾಲನೂ ಏಳಬೇಕೆಂದಿದ್ದ. ಆದರೆ ಅಂಗಾಲಿಗೆ ನೆಲದ ನಡುಕ ತಾಗಿರಲಿಲ್ಲ. ಬಾವಿಯ ಬಾಯಿಂದ ಹೊಸ ಹೊಗೆ ಎದ್ದಿರಲಿಲ್ಲ. ಅಷ್ಟರಲ್ಲಿ ಲಕ್ಕಪ್ಪ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದ.

"ಲಕ್ಯಾ, ನಿಲ್ಲೋ!"

ಅವಸರದಲ್ಲಿ ಇಳಿಯುತ್ತಿದ್ದವನು ಅದಕ್ಕೆ ಕಿವಿಗೊಡಲಿಲ್ಲ. ನಬಿಲಾಲ ಓಡಿದ. ಹಿಂದಿನಿಂದ ಲಕ್ಕಪ್ಪನ ಧೋತರದ ಕಚ್ಚೆ ಹಿಡಿದು ಜಗ್ಗಿದ. ಇಬ್ಬರೂ ಮಣ್ಣಿಗೆ ಬಿದ್ದರು. ಎಬ್ಬಿಸಿ, ದರದರ ಎಳೆದುಕೊಂಡೇ ಒಡ್ಡಿನ ಹಿಂದೆ ತಂದ.

"ಹುಚ್ಚ ಹಿಡದೈತೇನ ಕಾಕಾ? ಮೂರನೇ ಸಪ್ಪಳಾ ನೀನೂ ಕೇಳಿದಿ!"

"ಅದು ಬಾವಿದೋ ಮುಗಿಲಿಂದೋ, ನನಗ ಖಾತ್ರಿ ಇಲ್ಲ."

"ಚುಕ್ಕಿ ಆರಿ ಎಷ್ಟೊತ್ತಾತು! ಈಗ ಎಲ್ಲಿಂದ ಸಪ್ಪಳಾ ಬರ್ತೈತಿ?"

ಗೌರಕ್ಕ ನಬಿಲಾಲನ ಕಡೆ ತಿರುಗಿದಳು. "ಕಾಕಾ, ನೀವು ಎಣಸಾಕತ್ತಿದ್ರೆಲ್ಲ. ಬೆಳಕಿಗೂ ಸಪ್ಪಳಕ್ಕೂ ನಡುವ ಎಷ್ಟಾತು?"

"ನೂರು, ಅಕ್ಕಾರ."

"ಬೆಳಕು ಕಣ್ಣಿಗೆ ತಟ್ಟನ ಬರ್ತೈತಿ. ಸಪ್ಪಳಾ ನಡಕೋತ ಬರ್ತೈತಿ, ಒಂದು ಮೈಲಿಗೆ ಸುಮಾರು ಐದು ಎಣಿಕಿ. ಗುಡುಗಿನ ಲೆಕ್ಕಾ ಸಾಲಿಯೊಳಗ ನಾನ ಹೇಳಿಕೊಡ್ತೇನಿ." ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅಂದ್ರ ಇಪ್ಪತ್ತು ಮೈಲಿ. ಆ ಚುಕ್ಕಿ ಈ ಹೊಲದಾಗ ಬಿದ್ದಿಲ್ಲೋ ಲಕ್ಕಪ್ಪಾ, ಅದು ಹುಕ್ಕೇರಿ ಮ್ಯಾಲೆ ಉರದೈತಿ. ಅದರ ಸಪ್ಪಳಾ ಈಗ ಬಂದು ಮುಟ್ಟಿರಬೇಕು."

"ಇರಬೇಕು ಅಂತ ನಾ ಇಲ್ಲೇ ಕೂಡ್ಲೇನ್ರಿ?" ಲಕ್ಕಪ್ಪ ಕೈ ಕೊಸರಿಕೊಂಡ. ನಬಿಲಾಲ ಬಿಡಲಿಲ್ಲ. ತಾನು ತಪ್ಪಿದ್ದರೆ ನಾಳೆ ಊರೆಲ್ಲ ನಕ್ಕೀತು, ನಗಲಿ ಎಂದುಕೊಂಡ.

ನೆಲ ಒದ್ದಂತಾಯಿತು. ಬಾವಿಯ ಬಾಯಿಂದ ಕಲ್ಲು, ಹೊಗೆ, ಮಣ್ಣು ಒಟ್ಟಿಗೇ ಮೇಲೆದ್ದವು. ರೊಟ್ಟಿಯ ಹಂಚಿನಷ್ಟಗಲದ ಚೂರೊಂದು ಒಡ್ಡಿನ ನೆತ್ತಿಗೆ ಬಡಿದು ಅತ್ತ ಹಾರಿತು.

ಮಣ್ಣು ಉದುರುವುದು ನಿಂತ ಮೇಲೆ ಲಕ್ಕಪ್ಪ ತಲೆ ಎತ್ತಿ ಬಾವಿಯತ್ತ ನೋಡಿದ. ಏನೋ ಹೇಳಹೋಗಿ, ಬಾಯಿಗೆ ಟವೆಲು ಒತ್ತಿಕೊಂಡು ಅತ್ತುಬಿಟ್ಟ. ನಬಿಲಾಲ ಅವನ ಬೆನ್ನು ಸವರುತ್ತ, "ನನ್ನ ಕಾಲೂ ಸೋತಾವಪಾ, ಹಂಗ ಕೂಡು," ಎಂದ.

ಸಂತೆಯ ದಿನ ಹುಕ್ಕೇರಿಯ ಗಾಡಿಯವರು ಬಂದಾಗ ಗೌರಕ್ಕ ಕೇಳಿದಳು. ಅವರ ಊರಲ್ಲಿ ಬೆಳಕಿನ ಹಿಂದೆ ಸ್ವಲ್ಪದರಲ್ಲೇ ಸಪ್ಪಳ ಬಂದು, ಗೋಡೆಯ ಮಾಡದಲ್ಲಿದ್ದ ಪಾತ್ರೆ ಉರುಳಿದ್ದವಂತೆ.

"ಚುಕ್ಕಿ ಎಲ್ಲಿ ಬಿತ್ತು?" ಎಂದಳು.

"ಎಲ್ಲಿ ಅಂದ್ರ? ಅಲ್ಲೇ, ನಮ್ಮೂರಾಚೆ ಕಣಗಲಾ ಹಳ್ಳಿ ಬಾಜೂ ಹೊಲದಾಗ ಬಿದ್ದೈತ್ರಿ," ಎಂದರು ಅವರು, ಲಕ್ಕಪ್ಪನ ಹಾಗೇ ಖಾತ್ರಿಯಿಂದ.