ಚೀಲದ ಅಂಜಿಕೆ

ಇಂದುಬಾಯಿ ರೊಟ್ಟಿಯ ತುಣುಕನ್ನು ಗೋಣಿಚೀಲದ ಅಂಚಿಗಿಟ್ಟು ಹಿಂದೆ ಸರಿದಳು. ನಾಯಿ ಕೆಂಪಿ ಮೂತಿ ಚಾಚಿತು. ಚೀಲದ ವಾಸನೆ ತಾಕಿದೊಡನೆ ಹೊಟ್ಟೆಯನ್ನು ನೆಲಕ್ಕೊತ್ತಿ ನಡುಗುತ್ತ ಉಚ್ಚೆ ಹೊಯ್ದುಕೊಂಡಿತು.

"ಅದರ ನಡಾ ಮುರೀಲಿ!" ಪಡಸಾಲೆಯಿಂದ ಗಂಡ ನೇಮಣ್ಣ ಗದರಿದ. "ವಖಾರಿ ಕಾಯೋ ನಾಯಿ ಚೀಲಕ್ಕ ಅಂಜಿದ್ರ ಹೆಂಗ? ಶೇಂಗಾದ ಗಾಡಿ ಬರೂದ್ರಾಗ ಸುಧಾರಿಸ್ಲಿಲ್ಲಂದ್ರ ಹೊಳಿ ದಾಟಿಸಿ ಬಿಟ್ಟ ಬರ್ತೇನಿ."

"ಇನ್ನ ಹದಿನೈದ ದಿನ ಐತಲ್ರಿ. ನಾ ಕಲಿಸ್ತೇನಿ."

ಅವಳು ಹುಕ್ಕೇರಿಯ ತವರಿನಲ್ಲಿ ಎರಡು ತಿಂಗಳಿದ್ದು ಬರುವಷ್ಟರಲ್ಲಿ ನಾಯಿ ಹೀಗಾಗಿತ್ತು. ಹೋಗುವಾಗ ಅದರ ಹೊಟ್ಟೆಯಲ್ಲಿ ಮರಿಗಳಿದ್ದವು. ಎಲ್ಲಿ ಎಂದು ಕೇಳಿದರೆ, "ಯಾರ್ಯಾರೋ ಒಯ್ದ್ರು" ಎಂದಿದ್ದ ನೇಮಣ್ಣ. ದೀಪಕ್ಕೆ ಹುಳು ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮೊದಲೇ ಉಣ್ಣುವವನು, ಸೋಸದ ನೀರು ಮುಟ್ಟದವನು. ಅವನ ಮಾತನ್ನು ನಂಬದೆ ಇನ್ನಾರ ಮಾತನ್ನು ನಂಬಬೇಕು?

ಹಿತ್ತಿಲ ಗೂಟಕ್ಕೆ ತೂಗುತ್ತಿದ್ದ ಆ ಚೀಲವನ್ನೇ ಹಾಸಿ, ದೂರದಲ್ಲಿ ಕೆಂಪಿಗೆ ಉಣಿಸಿದಳು. ದಿನಕ್ಕೆ ಗೇಣಷ್ಟು ಹತ್ತಿರ. ಚೀಲಕ್ಕೆ ತುಪ್ಪ ಸವರಿದಳು; ತನ್ನ ಹಳೆಯ ಸೀರೆಯೊಂದಿಗೆ ಮಡಿಚಿಟ್ಟು ತನ್ನ ಮೈವಾಸನೆ ಹತ್ತಿಸಿದಳು. ಕೊನೆಗೆ ತಾನೇ ಅದರ ಮೇಲೆ ಕುಳಿತು ತೊಡೆ ತಟ್ಟಿ ಕರೆದಳು. ಹನ್ನೆರಡನೆಯ ದಿನ ಕೆಂಪಿ ಒಂದು ಕಾಲಿಟ್ಟಿತು, ಅವಳ ಮುಖ ನೋಡಿತು, ಮೆಲ್ಲನೆ ಮೇಲೆ ಬಂದು ಮುದುಡಿ ಮಲಗಿತು. ಇಂದುಬಾಯಿಯ ಕಣ್ಣು ತುಂಬಿ ಬಂತು.

ಊಟಕ್ಕೆ ಕುಳಿತ ನೇಮಣ್ಣ ಹಿತ್ತಿಲ ಬಾಗಿಲಿನಿಂದ ಅದನ್ನು ಕಂಡು ನಕ್ಕ. "ಭಾರಿ ಆತು ಬಿಡ! ಮರಿ ತುಂಬಿಸಿದ್ದ ಚೀಲದ ಮ್ಯಾಲ ತಾಯಿ ಮಲಗೇತಿ."

"ಏನಂದ್ರಿ?"

"ಐದ ಮರಿ. ಯಾರ ಸಾಕಬೇಕ ಅವನ್ನ? ಹೊಳಿಗೆ ಹಾಕಿಸಿದ್ನಿ."

"ಕೊಂದ್ರಿ?"

"ಏ ಹುಚ್ಚಿ, ನಾ ಯಾಕ ಕೊಲ್ಲಲಿ? ಚೀಲದ ಬಾಯಿ ಕಟ್ಟಿದ್ದಷ್ಟ ನಾ. ನೀರಾಗ ಅದ್ದಿದಾಂವ ಆಳು ಲಗಮಣ್ಣ. ಚೀಲ ಹೊಸಾದು, ಝಾಡಿಸಿ ತಿರುಗಿ ತಾ ಅಂದಿದ್ನಿ."

ತಾಟಿನ ಅಂಚಿಗೆ ಹತ್ತಿದ್ದ ಇರುವೆಯೊಂದನ್ನು ಅವನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ಬದಿಗೆ ಬಿಟ್ಟ. ಆ ಬೆರಳನ್ನು ನೋಡುತ್ತಲೇ ಅವಳು ಹಿತ್ತಿಲಿಗೆ ಓಡಿದಳು. ಚೀಲಕ್ಕೆ ತುಪ್ಪ ಸವರಿದ ಕೈಯನ್ನು ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಅದು ತನ್ನದೆನ್ನಿಸಲಿಲ್ಲ.

ಸಂಕೇಶ್ವರದ ರಸ್ತೆಯಲ್ಲಿ ಮೋಟಾರು ಇನ್ನೂ ಅಪರೂಪವಾಗಿದ್ದ ಕಾಲ. ಮೂರನೆಯ ಮುಂಜಾನೆ ಎತ್ತಿನ ಗಾಡಿಗಳು ಬಂದು, ಶೇಂಗಾ ಚೀಲಗಳು ಅಂಗಳದಲ್ಲಿ ಸಾಲಾಗಿ ಇಳಿದವು. ಕೆಂಪಿ ಅಂಜಲಿಲ್ಲ. ಚೀಲದಿಂದ ಚೀಲಕ್ಕೆ ನಡೆದು ಒಂದೊಂದರ ಕಟ್ಟಿದ ಬಾಯಿಯನ್ನೂ ಮೂಸಿತು. ಕೊನೆಯದರ ಗಂಟನ್ನು ಮುಂಗಾಲಿನಿಂದ ಕೆರೆಯುತ್ತ ಸಣ್ಣಗೆ ಕುಂಯ್‌ಗುಡತೊಡಗಿತು.

"ನಿಮ್ಮ ನಾಯಿ ಶಾಣೇ ಆತಲ್ರಿ ಅಕ್ಕಾರ," ಎಂದ ಗಾಡಿಯವನು.

ಇಂದುಬಾಯಿ ಕಟ್ಟೆಯಿಳಿದು ಬಂದು, ಕೆಂಪಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಗಂಟು ಬಿಚ್ಚಿದಳು. ಶೇಂಗಾ ಮಣ್ಣಿಗೆ ಸುರಿಯಿತು. ಬರಿದಾದ ಚೀಲದೊಳಗೆ ಕೆಂಪಿ ತಲೆ ತೂರಿಸಿತು.

"ಏ, ತಲಿ ಕೆಟ್ಟೇತೇನ ನಿನಗ?" ನೇಮಣ್ಣ ಕೂಗಿದ.

ಅವಳು ಆಗಲೇ ಪಕ್ಕದ ಚೀಲದ ಗಂಟಿಗೆ ಕೈ ಹಾಕಿದ್ದಳು.