ಹಳದಿ ಮಾರ್ಗರಿನ್ನಿನ ಸಾಕ್ಷಿ

ನನ್ನ ಗಂಡ ಆರ್ಲಿನ್ ಅರವತ್ತು ವರ್ಷ ಹಸುವಿನ ಹಾಲು ಕರೆದವನು. ಈಗ ಅವನ ಬೆರಳುಗಳು ಶುಂಠಿಯ ಹಾಗೆ ತಿರುಚಿಕೊಂಡಿವೆ, ಕಾಫಿ ಲೋಟ ಹಿಡಿಯಲಾರ. ಡಾಕ್ಟರ ಮಾತ್ರೆ ಹೊಟ್ಟೆಗೆ ಆಗದು. ಅವನಿಗೆ ನಿದ್ದೆ ತರಿಸುವುದು ಒಂದೇ, ಗಾಂಜಾ ಬೆರೆಸಿದ ಮುಲಾಮು. ಅದು ನಮ್ಮ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಪರಾಧ, ಗಡಿಯಾಚೆ ಇಲಿನಾಯ್‌ನಲ್ಲಿ ಅಂಗಡಿಯ ಸರಕು. ಹೀಗಾಗಿ ಎಂಬತ್ತಮೂರನೆಯ ವಯಸ್ಸಿನಲ್ಲಿ ನಾನು ತಿಂಗಳಿಗೊಮ್ಮೆ ಕಳ್ಳಸಾಗಣೆ ಮಾಡುತ್ತಿದ್ದೆ.

ಮಾರ್ಚಿನಲ್ಲಿ ಪೊಲೀಸಿನವನೊಬ್ಬ ಕಾರು ನಿಲ್ಲಿಸಿ ಡಬ್ಬಿ ನೋಡಿದ. "ಎಲ್ವೆರಾ ಅಜ್ಜಿ, ಈ ಸಲ ನಾನೇನೂ ನೋಡಿಲ್ಲ. ಇನ್ನೊಂದ್ಸಲ ಸಿಕ್ರೆ ಕೇಸು ಹಾಕ್ದೆ ಬಿಡೋಕಾಗಲ್ಲ" ಎಂದ.

ಅದನ್ನು ಔಷಧವೆಂದು ಒಪ್ಪುವ ಮಸೂದೆಯೊಂದು ರಾಜಧಾನಿ ಮ್ಯಾಡಿಸನ್ನಿನಲ್ಲಿ ಇತ್ತು. ಆದರೆ ಸಮಿತಿಯ ಅಧ್ಯಕ್ಷ, ನಮ್ಮೂರಿನವನೇ ಆದ ಸೆನೆಟರ್ ರೋಲಂಡ್ ಕ್ರಾನ್, ಪ್ರತಿ ಸಲವೂ ಎಲ್ಲರ ಮಾತು ಕೇಳಿ, ಮತಕ್ಕೆ ಹಾಕದೆ ಮೇಜಿನ ಖಾನೆಯಲ್ಲಿ ಇಟ್ಟುಬಿಡುತ್ತಿದ್ದ. ಅವನ ಚುನಾವಣೆಯ ಚಿತ್ರಗಳಲ್ಲೆಲ್ಲ ಅವನ ಪಕ್ಕ ಒಂದು ಹಸು ಇರುತ್ತದೆ. ಅವನ ತಾಯಿ ಮೆಟಾ ನನ್ನ ಹಳೆಯ ಗೆಳತಿ. ನಾನು ಅವಳ ಹತ್ತಿರ ಹೋದೆ.

"ನಿನ್ನ ಮಗಂಗೆ ಒಂದ್ಮಾತು ಹೇಳೇ."

"ಅವ್ನು ನನ್ ಮಾತು ಕೇಳೋದ್ ಬಿಟ್ಟು ಐವತ್ತು ವರ್ಷ ಆಯ್ತು. ನಾಲ್ಕು ಜನರ ಮುಂದೆ ನಾಚ್ಕೆ ಆದ್ರೆ ಮಾತ್ರ ಬಗ್ತಾನೆ. ಹೋಗಿ ಮಾರ್ಗರಿನ್ ವಿಷ್ಯ ಹೇಳ್ಬಿಡು."

"ಅಯ್ಯೋ ಮೆಟಾ! ಅದು ಆರ್ಲಿನ್‌ಗೆ ಇವತ್ತಿಗೂ ಗೊತ್ತಿಲ್ಲ ಕಣೇ!"

"ಗೊತ್ತಾದ್ರೆ ಏನ್ಮಾಡ್ತಾನೆ? ಬಿಟ್ಟು ಓಡಿಹೋಗ್ತಾನಾ, ಆ ಮಂಡಿ ಇಟ್ಕೊಂಡು?"

ಎರಡು ರಾತ್ರಿ ಯೋಚಿಸಿದೆ. ಪಕ್ಕದಲ್ಲಿ ಅವನ ನರಳಾಟ ಕೇಳುತ್ತಿತ್ತು. ಮೂರನೆಯ ದಿನ ನಾನೂ ಮೆಟಾಳೂ ಮ್ಯಾಡಿಸನ್ನಿಗೆ ಹೊರಟೆವು.

ಸಮಿತಿಯಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ. ಒಬ್ಬ ಡಾಕ್ಟರು ಮಾತಾಡಿದರು. ಕಾಲು ಕಳೆದುಕೊಂಡ ಸೈನಿಕನೊಬ್ಬ ಮಾತಾಡಿದ. ರೋಲಂಡ್ ಫೋನು ನೋಡುತ್ತಲೇ ಇದ್ದ. ನನ್ನ ಸರದಿ ಬಂತು.

"ನನ್ನ ಹೆಸ್ರು ಎಲ್ವೆರಾ ಟೆಶ್. ನಾನು ಹಳೇ ಕಳ್ಳಿ" ಎಂದೆ.

ಅವನ ಫೋನು ಕೆಳಗಿಳಿಯಿತು.

"ನಮ್ಮ ರಾಜ್ಯದಲ್ಲಿ ಎಣ್ಣೆಯಿಂದ ಮಾಡೋ ನಕಲಿ ಬೆಣ್ಣೆ, ಆ ಹಳದಿ ಬಣ್ಣದ ಮಾರ್ಗರಿನ್ ಮಾರೋ ಹಾಗಿಲ್ಲ ಅಂತ ಕಾನೂನು ಇದ್ದ ಕಾಲ ಅದು. ಬೆಣ್ಣೆಗೆ ಪೆಟ್ಟು ಬೀಳುತ್ತೆ ಅಂತ. ನಾವು ಹಾಲಿನ ಮನೆಯವ್ರು. ಆದ್ರೆ ನಮ್ಮ ಬೆಣ್ಣೆ ಎಲ್ಲಾ ಮಾರಾಟಕ್ಕೆ, ನಮ್ಮ ರೊಟ್ಟಿಗೆ ಸವರೋಕೆ ಏನಿತ್ತು? ನಾನೂ ಇನ್ನೊಬ್ಳೂ ಇಲಿನಾಯ್‌ಗೆ ಹೋಗಿ ಪೆಟ್ಟಿಗೆಗಟ್ಲೆ ತರ್ತಿದ್ವಿ. ಪೆಟ್ಟಿಗೆ ಮೇಲೆ ಕಂಬಳಿ, ಕಂಬಳಿ ಮೇಲೆ ಅವಳ ಕೂಸು. ಒಂದ್ಸಲ ಪೊಲೀಸು ನಿಲ್ಲಿಸಿ, ಕೂಸಿನ ಗಲ್ಲ ಹಿಂಡಿ, 'ಒಳ್ಳೇ ಬೆಣ್ಣೆ ತಿಂದು ಬೆಳ್ದಿದಾನೆ' ಅಂತ ಕಳಿಸ್ದ. ಆಮೇಲೆ ಕಾನೂನು ಹೋಯ್ತು. ಹಸುಗಳು ಸತ್ತೋಗ್ಲಿಲ್ಲ, ರಾಜ್ಯ ಮುಳುಗ್ಲಿಲ್ಲ. ಈಗ ಅದೇ ರಸ್ತೇಲಿ ನನ್ ಗಂಡನ ಮುಲಾಮು ತರ್ತಿದೀನಿ. ಆದ್ರೆ ಈಗ ಮೇಲೆ ಕೂರ್ಸೋಕೆ ಕೂಸಿಲ್ಲ."

ಸಭೆ ನಕ್ಕಿತು. ರೋಲಂಡನೂ ನಕ್ಕ. "ಎಲ್ವೆರಾ ಅಮ್ಮ, ಆ ಇನ್ನೊಬ್ಬ ಕಳ್ಳಿ ಯಾರು ಅಂತ ಕೇಳ್ಬಹುದಾ?"

"ಹೇಳಲ್ಲ ಅಂತ ಬೈಬಲ್ ಮುಟ್ಟಿದೀನಪ್ಪ."

ಹಿಂದಿನ ಸಾಲಿನಲ್ಲಿ ಊರುಗೋಲು ಕುಟ್ಟಿದ ಸದ್ದಾಯಿತು. "ನಾನು ಮುಟ್ಟಿಲ್ಲ!" ಎಂದಳು ಮೆಟಾ ಎದ್ದು ನಿಂತು. "ಕಳ್ಳಿ ನಾನು. ಕಂಬಳಿ ಮೇಲೆ ಉಚ್ಚೆ ಹೊಯ್ದೋನು ನೀನು. ಈಗ ಮತಕ್ಕೆ ಹಾಕ್ತೀಯೋ, ಇನ್ನೂ ಹೇಳ್ಲೋ?"

ಕ್ಯಾಮೆರಾಗಳೆಲ್ಲ ಅವನ ಕಡೆ ತಿರುಗಿದವು. ಅವನ ಮುಖ ಬೀಟ್‌ರೂಟಿನ ಬಣ್ಣಕ್ಕೆ ಬಂತು. "ಗುರುವಾರ ಮತ" ಎಂದ, ಕಾಗದ ನೋಡುತ್ತ.

ಮನೆಗೆ ಬಂದರೆ ಆರ್ಲಿನ್ ಟಿವಿ ಆರಿಸಿ ಅದರ ಮುಂದೆಯೇ ಕುಳಿತಿದ್ದ. ಎಲ್ಲವನ್ನೂ ನೋಡಿದ್ದ. ಮಾರ್ಗರಿನ್ ತಿನ್ನುವುದು ಹಸುವಿನ ಹೊಟ್ಟೆಗೆ ಒದ್ದಹಾಗೆ ಎನ್ನುತ್ತಿದ್ದವನು ಅವನು.

"ಆ ಕ್ರಿಸ್‌ಮಸ್ ಬಿಸ್ಕತ್ತುಗಳೂ?" ಎಂದು ಕೇಳಿದ.

"ಅವೂ."

"ನಮ್ಮಮ್ಮನ ಕೈಯಲ್ಲೂ ಹೀಗೆ ಬರಲ್ಲ, ಇದು ನಮ್ಮ ಬೆಣ್ಣೆ ಮಹಿಮೆ ಅಂತ ನಾನು ಊರಿಗೆಲ್ಲ ಹೇಳ್ಕೊಂಡ್ ತಿರುಗ್ತಿದ್ನಲ್ಲೇ!"

"ನಾನು ಬೇಡ ಅಂದಿದ್ನಾ?"

ಮಾತು ಬಿಟ್ಟ. ಮುಲಾಮು ಹಚ್ಚಲು ಹೋದರೆ ಕೈ ಎಳೆದುಕೊಂಡ. ಮೂರು ರಾತ್ರಿ ಹಲ್ಲು ಕಚ್ಚಿ ಎದ್ದು ಕುಳಿತೇ ಇದ್ದ, ಹಟಮಾರಿ.

ಗುರುವಾರ ಮಧ್ಯಾಹ್ನ ಮೆಟಾ ಫೋನು ಮಾಡಿದಳು. ಒಂದು ಮತದಿಂದ ಮಸೂದೆ ಸಮಿತಿ ದಾಟಿತ್ತು, ಆ ಒಂದು ಮತ ರೋಲಂಡನದು. ಮುಂದೆ ಇಡೀ ಸೆನೆಟ್ ಒಪ್ಪಬೇಕು, ಅದು ಯಾವಾಗಲೋ. "ಅಲ್ಲೀತನಕ ಇಲಿನಾಯ್‌ಗೆ ನಾನೂ ಬರ್ತೀನಿ. ಸೆನೆಟರ್ ತಾಯಿನ ಯಾವನು ಹಿಡೀತಾನೆ ನೋಡೋಣ" ಎಂದಳು.

ಆರ್ಲಿನ್‌ಗೆ ಹೇಳಿದೆ. ಅವನು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದ.

"ಹಚ್ಚು" ಎಂದ. "ಹಂಗೇ ಆ ಬಿಸ್ಕತ್ತೂ ಒಂದಿಷ್ಟು ಮಾಡು. ಬೆಣ್ಣೆ ಹಾಕಿ ಕೆಡಿಸ್ಬೇಡ."