ಕುರಿಹೊಟ್ಟೆಯ ತುಪ್ಪ

ದುಲ್ಮಾ ಸೊಸೆಯ ಹೊಟ್ಟೆ ಮುಟ್ಟಿ ನೋಡಿ, ಒಂದು ಮಾತೂ ಆಡದೆ ಡೇರೆಯಿಂದ ಹೊರಗೆ ಬಂದಳು. ನನ್ನ ಹೆಂಡತಿ ಬೈದರೆ ನನಗೆ ಭಯವಿಲ್ಲ. ಅವಳು ಸುಮ್ಮನಾದರೆ ಭಯ.

"ಮಗು ಅಡ್ಡ ಮಲಗಿದೆ. ನನ್ನ ಕೈಲಾಗಲ್ಲ. ಇವನಿಗೆ ಗಾಡಿ ಎಬ್ಬಿಸೋಕೆ ಹೇಳು, ಮುದುಕ," ಎಂದಳು.

ಇವನು ಎಂದರೆ ಓತ್ಗೋ, ನಮ್ಮ ಕೊನೆಯ ಮಗ. ಅವನು ಆಗಲೇ ಜೀಪಿನ ಕೆಳಗೆ ಮಲಗಿ, ಜ್ವಾಲೆ ಚಿಮ್ಮುವ ಊದುಬೆಂಕಿ ದೀಪ ಹಿಡಿದು ಎಂಜಿನ್ನಿನ ಹೊಟ್ಟೆ ಕಾಯಿಸುತ್ತಿದ್ದ. ಉಗುಳಿದರೆ ನೆಲ ಮುಟ್ಟುವ ಮುಂಚೆ ಕಲ್ಲಾಗುವಂಥ ಚಳಿ. ಆ ಚಳಿಯಲ್ಲಿ ಕಾಯಿಸದೆ ಯಾವ ಡೀಸೆಲ್ ಗಾಡಿಯೂ ಏಳುವುದಿಲ್ಲ. ನಮ್ಮದು ಹಳೆಯ ಜಪಾನಿ ಜೀಪು. ನನ್ನ ತಂದೆಯ ಕಾಲದಿಂದ ಬಂದಿದ್ದ ಒಂಟೆಗಳೆಲ್ಲ ಹೋಗಿ ಅದೊಂದು ಬಂದಿತ್ತು. ಚಳಿಗಾಲಕ್ಕೆಂದು ದುಲ್ಮಾ ಅದರ ಎಂಜಿನ್ನಿಗೆ ದಪ್ಪ ಉಣ್ಣೆಯ ಹೊದಿಕೆ ಹೊಲಿದಿದ್ದಳು. ಮೇಲೆ, ಪಕ್ಕಕ್ಕೆ, ಕೆಳಗೆ, ಎಳೆಗೂಸನ್ನು ಸುತ್ತಿದ ಹಾಗೆ ಸುತ್ತಿತ್ತು.

ಪೇಟೆಯ ಡಾಕ್ಟರಮ್ಮ ಹೆರಿಗೆಗೆ ಮುಂಚೆಯೇ ಬಂದು ಆಸ್ಪತ್ರೆಯ ಹತ್ತಿರ ಇರು ಎಂದು ಸೊಸೆ ಯಾಂಜಿನ್‌ಗೆ ಹೇಳಿದ್ದಳು. ಹೊಸ ವರ್ಷದ ಬಿಳಿ ತಿಂಗಳ ಹಬ್ಬ ಮುಗಿಸಿ ಹೋದರಾಯಿತು ಎಂದುಕೊಂಡೆವು. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ನೋವು ಬಂತು.

ಸೊಸೆಯನ್ನು ಕುರಿಯ ತುಪ್ಪಳದಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ದುಲ್ಮಾ ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹೊರಡುವ ಮುಂಚೆ ಒಲೆಯ ಪಕ್ಕದಿಂದ ತುಪ್ಪ ತುಂಬಿದ, ತೊಳೆದು ಒಣಗಿಸಿದ ಕುರಿಹೊಟ್ಟೆಯ ಚೀಲವೊಂದನ್ನು ತಂದು ನನ್ನ ಕಾಲ ಬಳಿ ಇಟ್ಟಳು. ಬೇಸಿಗೆಯ ಹಾಲೆಲ್ಲ ಕಾಯ್ದು ಅದರೊಳಗೆ ಇಳಿದಿತ್ತು. ಬಾಣಂತಿಗೆ ಅದು ಬೇಕೇ ಬೇಕು. ಅದನ್ನು ಒಯ್ದರೆ ಬಾಣಂತಿ ಇದ್ದೇ ಇರುತ್ತಾಳೆ ಎಂಬ ಧೈರ್ಯವೂ ಅದರಲ್ಲಿತ್ತೋ ಏನೋ.

ಬೆಟ್ಟ ದಾಟುವಾಗ ತುದಿಯಲ್ಲಿರುವ ಬೆಟ್ಟದಪ್ಪನ ಕಲ್ಲುರಾಶಿಗೆ, ಗಾಡಿಯಿಂದ ಇಳಿದು, ಮೂರು ಸುತ್ತು ಬರಬೇಕು. ಓತ್ಗೋ ಇಳಿಯಲಿಲ್ಲ, ಮೂರು ಸಲ ಹಾರ್ನ್ ಹೊಡೆದ.

"ಅಷ್ಟೇನಾ? ಬೆಟ್ಟದಪ್ಪ ಏನು ನಿನ್ನ ಕುಡುಕ ಸ್ನೇಹಿತನಾ, ಪೀಪಿ ಊದಿ ಕರೆಯೋಕೆ?" ಎಂದಳು ದುಲ್ಮಾ.

"ಅವ್ವಾ, ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ. ಅರ್ಥ ಮಾಡ್ಕೊಳ್ತಾನೆ."

ಇಳಿಜಾರು ಮುಗಿದು ಬಯಲು ಸಿಕ್ಕಿತು. ಅಲ್ಲಿ ಸ್ಟೇರಿಂಗಿನ ಹಿಂದೆ, ಎಂಜಿನ್ ಎಣ್ಣೆ ತೀರುತ್ತಿದೆ ಎನ್ನುವ ಕೆಂಪು ದೀಪ ಹತ್ತಿತು.

ಓತ್ಗೋ ಗಾಡಿ ನಿಲ್ಲಿಸಿ ಬಾನೆಟ್ಟು ಎತ್ತಿದ. ನಾನೂ ಇಳಿದೆ. ಹಿಮದ ಮೇಲೆ ಒಂದು ಹನಿಯೂ ಇರಲಿಲ್ಲ. ನನಗೆ ಸಮಾಧಾನವಾಯಿತು. ಅವನು ಉಣ್ಣೆಯ ಹೊದಿಕೆಯ ಅಂಚು ಹಿಡಿದು ಎಳೆದ. ಅದು ಬರಲಿಲ್ಲ. ಇಬ್ಬರೂ ಸೇರಿ ಎಳೆದಾಗ ಈಗಷ್ಟೇ ಸುಲಿದ ಚರ್ಮದಷ್ಟು ಭಾರವಾಗಿ ಜಾರಿ ಬಿತ್ತು. ನಮ್ಮ ಎಣ್ಣೆಯೆಲ್ಲ ಅದರಲ್ಲಿತ್ತು. ಒಂದು ಹನಿ ನೆಲಕ್ಕೆ ಬಿಡದೆ, ದಾರಿಯುದ್ದಕ್ಕೂ ಕುಡಿದಿತ್ತು.

"ಇದನ್ನ ಹಿಂಡಿದ್ರೆ?" ಎಂದೆ.

"ಉಣ್ಣೆಯ ಎಳೆ, ಮಣ್ಣು, ಎಲ್ಲ ಒಳಗೆ ಹೋಗುತ್ತಪ್ಪ. ಕೊಂದ ಹಾಗೇ."

ಮೀಸಲಿಗಿದ್ದ ಒಂದು ಡಬ್ಬಿ ಎಣ್ಣೆ ಸುರಿದ. ಆಮೇಲೆ ಎಂಜಿನ್ನನ್ನು ಚಿಂದಿಯಿಂದ ಒರೆಸಿ, ದುಲ್ಮಾಳ ಚೀಲದಿಂದ ಹಿಡಿ ಹಿಡಿ ಹಿಟ್ಟು ತೆಗೆದು ಮೇಲೆಲ್ಲ ಎರಚಿದ. ಗಾಡಿ ಶುರು ಮಾಡಿದ. ಬಿಳಿ ಹಿಟ್ಟಿನಲ್ಲಿ ಎಲ್ಲಿ ಕಪ್ಪಾಗುತ್ತದೋ ಅಲ್ಲಿ ಸೋರಿಕೆ. ನಮ್ಮ ಕಡೆಯ ಡ್ರೈವರುಗಳಿಗೆಲ್ಲ ಗೊತ್ತಿರುವ ಉಪಾಯ.

ಎಂಜಿನ್ನಿನ ಮೇಲಿನ ಮುಚ್ಚಳದ ಮುಂದಿನ ಮೂಲೆ ಕಪ್ಪಾಯಿತು.

"ಸಿಕ್ಕಿಬಿದ್ದ ಕಳ್ಳ!" ಎಂದ ಓತ್ಗೋ. ಗಾಡಿ ನಿಲ್ಲಿಸಿ, ಮುಚ್ಚಳ ಬಿಚ್ಚಿ, ತನ್ನ ಬಲಗಾಲಿನ ಬೂಟಿನ ಮೇಲ್ಭಾಗವನ್ನು ಚಾಕುವಿನಿಂದ ಸೀಳಿದ. ಆ ಚರ್ಮದ ಪಟ್ಟಿಗೆ ಸೋಪು ತಿಕ್ಕಿ ಮೂಲೆಗೆ ಕೂರಿಸಿ ಬಿಗಿದ. ಅವನ ಬೆರಳುಗಳು ಕಬ್ಬಿಣಕ್ಕೆ ಅಂಟಿ ಅಂಟಿ ಬರುತ್ತಿದ್ದವು. ಒಳಗೆ ಯಾಂಜಿನ್ ಕೂಗುತ್ತಿರಲಿಲ್ಲ. ಹಲ್ಲು ಕಚ್ಚಿದ ಸದ್ದು ಮಾತ್ರ ಕೇಳುತ್ತಿತ್ತು.

"ಎಷ್ಟು ಹೊತ್ತೋ?" ಎಂದಳು ದುಲ್ಮಾ, ಕಿಟಕಿ ಸರಿಸಿ. "ಇವಳ ಕಾಲು ತಣ್ಣಗಾಗ್ತಾ ಇದೆ."

"ಆಯ್ತವ್ವ, ಆಯ್ತು."

ಆಗಿರಲಿಲ್ಲ. ಒಣಗಿದ ಹಳ್ಳ ದಾಟುವಷ್ಟರಲ್ಲಿ ಮತ್ತೆ ಕೆಂಪು ದೀಪ. ಮತ್ತೆ ಇಳಿದು ಹಿಟ್ಟು ಎರಚಿದೆವು. ಬೂಟಿನ ಚರ್ಮ ಕೂರಿಸಿದ ಮೂಲೆ ಒಣಗಿತ್ತು. ಈ ಸಲ ಕೆಳಗೆ, ಬೆಲ್ಟಿನ ಚಕ್ರದ ಹಿಂದೆ ಕಪ್ಪಾಯಿತು. ಅಲ್ಲಿಗೆ ಕೈ ಹೋಗುವುದಿಲ್ಲ. ಅದನ್ನು ಬಿಚ್ಚಬೇಕೆಂದರೆ ಬೆಚ್ಚಗಿನ ಶೆಡ್ಡು ಬೇಕು, ಒಂದಿಡೀ ದಿನ ಬೇಕು. ನಾವಿಬ್ಬರೂ ಬಗ್ಗಿ ನೋಡುತ್ತಿದ್ದಂತೆ, ಎಣ್ಣೆ ಅಳೆಯುವ ಕಡ್ಡಿ ಬಿಲದಿಂದ ಹೆಗ್ಗಣ ತಲೆಯೆತ್ತಿದ ಹಾಗೆ ತಾನಾಗಿ ಮೇಲೆದ್ದಿತು. ಅದರ ಸುತ್ತ ಎಣ್ಣೆ ಉಕ್ಕಿತು.

ಓತ್ಗೋ ಗಾಡಿ ಆರಿಸಿ ಹಿಮದಲ್ಲಿ ಕುಳಿತುಬಿಟ್ಟ.

"ಒಂದು ಕಡೆ ಮುಚ್ಚಿದ್ರೆ ಇನ್ನೊಂದು ಕಡೆ. ಇದಕ್ಕೆ ಮೈಯೆಲ್ಲ ತೂತು, ಅಪ್ಪ. ನಾನು ಇವಳನ್ನ ಹೊತ್ಕೊಂಡು ನಡೀತೀನಿ."

"ಎಲ್ಲಿಗೆ?" ಎಂದೆ.

ಸುತ್ತ ನೋಡಿದ. ಬಯಲು. ಹೊಗೆ ಇಲ್ಲ, ಡೇರೆ ಇಲ್ಲ, ದಾರಿಯಲ್ಲಿ ನಮ್ಮದೇ ಗಾಲಿಯ ಗುರುತು ಬಿಟ್ಟು ಬೇರೆ ಗುರುತಿಲ್ಲ. ಸೂರ್ಯ ಆಗಲೇ ಆ ಕಡೆ ಬಾಗಿದ್ದ. ಓತ್ಗೋ ಅಳಲು ಶುರು ಮಾಡಿದ. ಕಣ್ಣೀರು ರೆಪ್ಪೆಯಲ್ಲೇ ಹೆಪ್ಪುಗಟ್ಟಿತು. ಅವನ ಸೀಳಿದ ಬೂಟಿನೊಳಗೆ ಹಿಮ ತುಂಬಿತ್ತು. ಬಗ್ಗಿ ಅದನ್ನು ತೋಡಿ ತೆಗೆದೆ.

ಆಗ ಒಳಗಿನಿಂದ ಯಾಂಜಿನ್ ಕರೆದಳು. ನೋವು ಬಂದು ಹೋಗಿತ್ತು, ಇನ್ನೊಂದು ಬರುವ ಮುಂಚಿನ ಬಿಡುವು.

"ಓತ್ಗೋ, ಅದು ಯಾಕೆ ನಾತ ಬರ್ತಾ ಇಲ್ಲ?"

"ಯಾವ ನಾತ? ಸುಮ್ನೆ ಮಲಗು."

"ಆ ಹೊಗೆ ನಾತ. ನಂಗೆ ವಾಂತಿ ಆಗ್ತಿತ್ತಲ್ಲ. ನೀನು ಪೈಪು ಹೊರಗೆ ಹಾಕಿದ ಮೇಲೆ ಗಾಡಿ ಒಳಗೆ ಬರ್ತಿರ್ಲಿಲ್ಲ, ಇಳಿದು ನಿಂತಾಗ ಬರ್ತಿತ್ತು. ಇವತ್ತು ಕಿಟಕಿ ತೆಗೆದ್ರೂ ಬರ್ತಾ ಇಲ್ಲ."

ಓತ್ಗೋ ಅವಳನ್ನೇ ನೋಡಿದ. ಆಮೇಲೆ ಎದ್ದು, ಬಿದ್ದು, ಗಾಡಿಯ ಕೆಳಗೆ ನುಗ್ಗಿದ.

ಎಂಜಿನ್ನಿಗೂ ಉಸಿರಾಡಲು ಒಂದು ಕೊಳವೆ ಇರುತ್ತದೆ. ಒಳಗಿನ ಹಬೆ, ಹೊಗೆ ಅದರಿಂದ ಹೊರಡುತ್ತದೆ. ಬಸುರಿ ಹೆಂಡತಿಗೆ ಆ ನಾತ ತಡೆಯುವುದಿಲ್ಲವೆಂದು ಶರತ್ಕಾಲದಲ್ಲಿ ಓತ್ಗೋ ಅದಕ್ಕೆ ಉದ್ದನೆಯ ರಬ್ಬರ್ ಪೈಪು ಜೋಡಿಸಿ, ಬೆಚ್ಚನೆಯ ಹೊದಿಕೆಯಿಂದ ಹೊರಗೆ, ಕೆಳಕ್ಕೆ ಇಳಿಬಿಟ್ಟಿದ್ದ. ಚಳಿ ಬಿದ್ದ ಮೇಲೆ ಪೇಟೆಗೆ ಹೋಗಿ ಬರುವಷ್ಟು ದೂರ ಗಾಡಿ ಓಡಿರಲಿಲ್ಲ. ಇವತ್ತು ಓಡಿತ್ತು. ಹಬೆ ಪೈಪಿನ ತುದಿಯಲ್ಲಿ ನೀರಾಗಿ, ನೀರು ಮಂಜುಗಡ್ಡೆಯಾಗಿ, ಬಾಯಿ ಕಟ್ಟಿಕೊಂಡಿತ್ತು. ಉಸಿರು ಹೊರಗೆ ಹೋಗಲಾರದೆ ಒಳಗಿನಿಂದ ಎಣ್ಣೆಯನ್ನು ಸಿಕ್ಕಸಿಕ್ಕ ಸಂದಿಯಿಂದ ದಬ್ಬುತ್ತಿತ್ತು.

"ಎಣ್ಣೆ ಸುರಿಯೋವಾಗ ಉಸ್ ಅಂದಿತ್ತು. ಗಾಳಿ ಅಂದ್ಕೊಂಡೆ," ಎಂದ ಕೆಳಗಿನಿಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ನನ್ ಮಗ," ಎಂದಳು ದುಲ್ಮಾ. ಆದರೆ ಮೆಲ್ಲಗೆ ಎಂದಳು.

ಫ್ಲಾಸ್ಕಿನಲ್ಲಿದ್ದ ಉಪ್ಪುಚಹಾವನ್ನೆಲ್ಲ ಪೈಪಿನ ಮೇಲೆ ಸುರಿದೆವು. ನಾನು ಮೇಲಂಗಿ ಬಿಚ್ಚಿ ಪೈಪಿನ ತುದಿಯನ್ನು ಕಂಕುಳಲ್ಲಿ ಒತ್ತಿ ಹಿಡಿದೆ. ಹೆಬ್ಬೆರಳಷ್ಟು ಉದ್ದದ ಮಂಜಿನ ಬೆಣೆ ಜಾರಿ ಬಿತ್ತು. ಓತ್ಗೋ ಪೈಪನ್ನು ಗಿಡ್ಡಗೆ ಕತ್ತರಿಸಿ, ಬಿಸಿಯಿರುವ ಕಡೆಗೇ, ಎಂಜಿನ್ನಿನ ಮಗ್ಗುಲಿಗೆ ಕಟ್ಟಿದ. ಮತ್ತೆ ಒರೆಸಿ ಉಳಿದ ಹಿಟ್ಟನ್ನು ಎರಚಿ, ಒಂದೇ ಒಂದು ನಿಮಿಷ ಗಾಡಿ ಶುರು ಮಾಡಿದ.

ಹಿಟ್ಟು ಬೆಳ್ಳಗೇ ಉಳಿಯಿತು. ಚಕ್ರದ ಹಿಂದೆ ಒಂದು ಹನಿ ಒಸರಿತು, ಅಷ್ಟೇ. ನಾವಿಬ್ಬರೂ ಆ ಬಿಳುಪನ್ನು ನೋಡುತ್ತ ನಿಂತೆವು.

ಆಮೇಲೆ ಅವನು ಅಳತೆಕಡ್ಡಿ ಎಳೆದ. ತುದಿ ಒಣಗಿತ್ತು. ಮನೆ ಸರಿಯಾಗಿತ್ತು, ಒಳಗೆ ಯಾರೂ ಉಳಿದಿರಲಿಲ್ಲ.

"ಎಣ್ಣೆ ಇಲ್ದೆ ಒಂದು ಗುಡ್ಡ ಹತ್ತೋಷ್ಟರಲ್ಲಿ ಎಂಜಿನ್ ಕಚ್ಕೊಂಡು ನಿಂತುಬಿಡುತ್ತೆ," ಎಂದ. ದನಿ ಸತ್ತಿತ್ತು.

ಹಿಂದಿನಿಂದ ಮೊದಲ ಸಲ ಯಾಂಜಿನ್ ಕೂಗಿದಳು. ಆ ಕೂಗು ಬಯಲಿನ ತುದಿಯವರೆಗೆ ಹೋಗಿ ಎಲ್ಲೂ ತಾಗದೆ ಮುಗಿಯಿತು.

ನಾನು ನನ್ನ ಸೀಟಿನ ಮುಂದಿದ್ದ ಕುರಿಹೊಟ್ಟೆಯನ್ನು ಎತ್ತಿದೆ.

ದುಲ್ಮಾ ನೋಡಿದಳು. ತುಪ್ಪದ ವಿಷಯದಲ್ಲಿ ಅವಳು ಎಂಥವಳೆಂದರೆ, ಬೆರಳು ನೆಕ್ಕಿದರೂ ಬೈಯುವವಳು. ಹೊಸ ತುಪ್ಪದ ಮೊದಲ ಚಮಚ ಒಲೆಯ ಬೆಂಕಿಗೆ, ಆಮೇಲೆ ಮನುಷ್ಯರಿಗೆ. ಕೊಳಕು ನೆಲದ ಮೇಲೆ ಒಂದು ತೊಟ್ಟು ಬಿದ್ದರೂ ಹಣೆಗೆ ಕೈ ಮುಟ್ಟಿಸಿಕೊಳ್ಳುವವಳು.

"ಅದನ್ನಾ? ಆ ಕರೀ ಕಬ್ಬಿಣಕ್ಕಾ?" ಎಂದಳು.

"ಒಳಗೆ ಉರೀತಿರೋದೂ ಬೆಂಕಿನೇ ಅಲ್ವೇನೇ? ಬೆಂಕಿಗೇ ಕೊಡ್ತಿದ್ದೀವಿ," ಎಂದೆ.

"ಗಾಡಿ ಉಳಿಯಲ್ಲ ಅಪ್ಪ," ಎಂದ ಓತ್ಗೋ. "ಒಂದು ಸಲ ನಿಂತು ತಣ್ಣಗಾದ್ರೆ ಒಳಗೆಲ್ಲ ಮೇಣದ ಹಾಗೆ ಕಟ್ಕೊಳ್ಳುತ್ತೆ. ಆಮೇಲೆ ಗುಜರಿ ಕಬ್ಬಿಣದ ಲೆಕ್ಕ."

"ಗಾಡಿ ಯಾರಿಗೆ ಬೇಕಾಗಿದೆಯೋ?" ಎಂದು ದುಲ್ಮಾ ಕಿರುಚಿದಳು. "ಸುರಿಯೋ!"

ಬಕೆಟ್ಟಿಗೆ ತುಪ್ಪ ಕೊಯ್ದು ಹಾಕಿ ಊದುಬೆಂಕಿ ಹಿಡಿದೆವು. ಹಳದಿ ಗಡ್ಡೆ ಕರಗಿ ಹೊಗೆಯಾಡಿತು. ದುಲ್ಮಾ ಬೆರಳು ಅದ್ದಿ ಮೂರು ಸಲ ಆಕಾಶಕ್ಕೆ ಸಿಡಿಸಿ, ಕಲ್ಲುರಾಶಿಯ ಕಡೆಗೂ ಒಂದು ಸಲ ಸಿಡಿಸಿ, ತಲೆಯ ಬಟ್ಟೆ ಬಿಚ್ಚಿ ಸೋಸಲು ಕೊಟ್ಟಳು. ಕುರಿಹೊಟ್ಟೆ ಪೂರ್ತಿ ಬರಿದಾಗುವವರೆಗೆ ಎಂಜಿನ್ನಿಗೆ ಸುರಿದೆವು. ಅದು ತಣಿಯುವ ಮುಂಚೆ ಓತ್ಗೋ ಕೀಲಿ ತಿರುಗಿಸಿದ.

ಎದ್ದಿತು. ಕೆಂಪು ದೀಪ ಮಿಣುಕಿತು, ಯೋಚಿಸಿತು, ಆರಿತು.

ಆಮೇಲಿನ ದಾರಿಯಲ್ಲಿ ಗಾಡಿಯ ತುಂಬ ಹಬ್ಬದ ಮನೆಯ ವಾಸನೆ. ಹಿಟ್ಟಿನ ಉಂಡೆ ಕರಿಯುವಾಗ ಬರುತ್ತದಲ್ಲ, ಅದೇ. ಯಾಂಜಿನ್ ಕಣ್ಣು ಮುಚ್ಚಿಕೊಂಡೇ, "ಈ ನಾತಕ್ಕೆ ವಾಂತಿ ಬರಲ್ಲ," ಎಂದಳು. ಆಮೇಲೆ ಅವಳಿಂದ ಮಾತು ಬರಲಿಲ್ಲ. ದುಲ್ಮಾ ಅವಳ ಕೆನ್ನೆ ತಟ್ಟುತ್ತಲೇ ಇದ್ದಳು. ಪೇಟೆಯ ಹೊಗೆ ಕಾಣುವಷ್ಟರಲ್ಲಿ ಎಂಜಿನ್ನಿನೊಳಗೆ ಟಕಟಕ ಶುರುವಾಗಿತ್ತು.

ಆಸ್ಪತ್ರೆಯ ಬಾಗಿಲಿಗೇ ಗಾಡಿ ನಿಲ್ಲಿಸಿ ಅವಳನ್ನು ಒಳಗೆ ಸಾಗಿಸಿದೆವು. ಡಾಕ್ಟರಮ್ಮ ನೋಡಿ ಹೊರಗೆ ಬಂದು ನೇರವಾಗಿ ಹೇಳಿದಳು. "ತಿರುಗಿಸೋಕೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ದೊಡ್ಡೂರಿಗೆ ಒಯ್ಯಬೇಕು. ನಮ್ಮ ಗಾಡಿ ಇನ್ನೊಬ್ಬರನ್ನ ಕರ್ಕೊಂಡು ಅಲ್ಲಿಗೇ ಹೋಗಿದೆ. ನಿಮ್ಮ ಗಾಡಿ ಬಂದ್ ಮಾಡಬೇಡಿ."

ಓತ್ಗೋ ಒಳಗೆ ಹೋಗಲಿಲ್ಲ. ಸೀಟಿನಲ್ಲಿ ಕುಳಿತು, ಸೀಳಿದ ಬೂಟಿನ ಕಾಲನ್ನು ಪೆಡಲಿನ ಮೇಲಿಟ್ಟು, ಗಾಡಿಯನ್ನು ಬದುಕಿಸುತ್ತ ಕುಳಿತ. ನಾನು ಪಕ್ಕದಲ್ಲಿ ಕುಳಿತೆ. ಟಕಟಕ ಹೆಚ್ಚಿತು. ಕಲ್ಲು ತುಂಬಿದ ತಪ್ಪಲೆ ಅಲ್ಲಾಡಿಸಿದ ಹಾಗೆ.

"ಇನ್ನೊಂದು ಸ್ವಲ್ಪ. ಇನ್ನೊಂದೇ ಸ್ವಲ್ಪ, ನನ್ನಪ್ಪಾ," ಎನ್ನುತ್ತಿದ್ದ. ನನಗಲ್ಲ, ಎಂಜಿನ್ನಿಗೆ.

ಅದು ಒಮ್ಮೆ ಜೋರಾಗಿ ನಡುಗಿ, ಕಚ್ಚಿಕೊಂಡು ನಿಂತುಹೋಯಿತು.

ಅವನು ಕೀಲಿ ತಿರುಗಿಸಿದ. ಏನೂ ಇಲ್ಲ. ಹಣೆಯನ್ನು ಸ್ಟೇರಿಂಗಿಗೆ ಇಟ್ಟ. ಇನ್ನು ಹೋಗಲು ಬೇರೆ ಊರಿರಲಿಲ್ಲ. ಆಗುವುದೆಲ್ಲ ಆ ಒಂದು ಬಾಗಿಲ ಹಿಂದೆಯೇ ಆಗಬೇಕಿತ್ತು. ಅಷ್ಟು ಹೊತ್ತು ಎಂಜಿನ್ನಿನ ಸದ್ದಿನಲ್ಲಿ ಕೇಳದೆ ಇದ್ದದ್ದು ಆ ಮೌನದಲ್ಲಿ ಜೋಡಿ ಕಿಟಕಿಯ ಆಚೆಯಿಂದ ಕೇಳಿಸಿತು. ಯಾಂಜಿನ್ ಬೈಯುತ್ತಿದ್ದಳು. ಓತ್ಗೋನನ್ನು, ಅವನ ಪೈಪನ್ನು, ಅವನ ಗಾಡಿಯನ್ನು, ಅವನನ್ನು ಹೆತ್ತವಳನ್ನು. ಒಳ್ಳೆಯ ಗಟ್ಟಿ ಬೈಗುಳ.

"ಕೇಳಿಸ್ತಾ?" ಎಂದೆ.

ಅವನು ತಲೆ ಎತ್ತಲಿಲ್ಲ. ಆದರೆ ಕೇಳುತ್ತಿದ್ದ.

ಸೂರ್ಯ ಬೆಟ್ಟದ ಅಂಚಿಗೆ ತಾಗಿದಾಗ ದುಲ್ಮಾ ಬಂದಳು. ತೋಳಿನವರೆಗೆ ಒದ್ದೆ, ತಲೆಯ ಮೇಲೆ ಬಟ್ಟೆಯಿಲ್ಲ.

"ಕಾಲು ಮುಂದಾಗಿ ಬಂತು. ಹೆಣ್ಣು. ನೀಲಿಯಾಗಿತ್ತು, ಈಗ ಕೆಂಪಗಿದೆ. ಯಾಂಜಿನ್‌ಗೆ ಚಹಾ ಬೇಕಂತೆ. ಫ್ಲಾಸ್ಕ್ ಎಲ್ಲಿ?"

"ಚಹಾನ ಪೈಪಿಗೆ ಸುರಿದ್ವಲ್ಲೇ," ಎಂದೆ.

ಅವಳು ಏನೋ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಪೇಟೆಯ ನಾಯಿಯೊಂದು ಗಾಡಿಯ ತೆರೆದ ಬಾಗಿಲಿನಿಂದ ನುಗ್ಗಿ, ಖಾಲಿ ಕುರಿಹೊಟ್ಟೆಯನ್ನು ಕಚ್ಚಿಕೊಂಡು ಓಡಿತು. ನಾನು ಅಟ್ಟಲು ಎದ್ದೆ.

"ಬಿಡು, ಮುದುಕ. ತಿನ್ಲಿ," ಎಂದಳು.

ಓತ್ಗೋ ಸತ್ತ ಗಾಡಿಯ ಕೀಲಿಯನ್ನು ತೆಗೆದು ಜೋಪಾನವಾಗಿ ಜೇಬಿಗೆ ಹಾಕಿಕೊಂಡ. ಬಲಗಾಲು ಮರಗಟ್ಟಿ ಪೆಡಲಿನಿಂದ ಏಳಲಿಲ್ಲ. ಎರಡೂ ಕೈಯಿಂದ ಎತ್ತಿ ಕೆಳಗಿಳಿಸಿ, ನನ್ನ ಹೆಗಲು ಹಿಡಿದು, ಕುಂಟುತ್ತ ಒಳಗೆ ಹೋದ.